ಚಾಮರಾಜನ ಬಿಸಿ ದಾರಿ

ತೊಂದರೆಗೆಲ್ಲ ಮೂಲ ಒಂದು ದೃಷ್ಟಿಗೊಂಬೆ.

ಐರ್ಲೆಂಡಿನ ಆಡಮ್ಸ್‌ಟೌನಿನ ತನ್ನ ಮನೆ ಮುಂದೆ ಚಾಮರಾಜ ನೆಲದಡಿ ಕೇಬಲ್ ಹಾಕಿಸಿ, ಸ್ವಿಚ್ ಒತ್ತಿದರೆ ಹಿಮ ಕರಗುವ ಕಾಲುದಾರಿ ಮಾಡಿಸಿದ್ದ. ಗೇಟಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಅವನ ಬಾಯಲ್ಲಿ ಅದು ರಾಜಮಾರ್ಗ. ಡಬ್ಲಿನ್ನಿನ ಅರ್ಧ ಕನ್ನಡಿಗರು ನೋಡಿ ಹೊಟ್ಟೆ ಉರಿಸಿಕೊಂಡರು. ಆ ಉರಿಗೇ ಹಿಮ ಕರಗಬಹುದಿತ್ತು, ಕೇಬಲ್ಲು ದಂಡ.

"ಜನರ ಕಣ್ಣು ಸರಿ ಇಲ್ಲ ಗುರು, ಒಂದು ದೃಷ್ಟಿಗೊಂಬೆ ನಿಲ್ಸು," ಎಂದ ಪಕ್ಕದ ಮನೆಯ ನರಸಿಂಹ. ಚಾಮರಾಜ ಸಂಜೆಯೇ ದಾರಿಯ ಅಂಚಿಗೆ ಕಬ್ಬಿಣದ ಸಲಾಕೆ ಹೊಡೆದು, ಹಲ್ಲು ಕಿರಿಯುವ ಗೊಂಬೆಯನ್ನು ಕಟ್ಟಿದ.

ರಾತ್ರಿಯಿಡೀ ಹಿಮ ಬಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಟಪ್ ಎಂದು ಟ್ರಿಪ್ ಆಗಿ ಕರೆಂಟು ಕಡಿಯಿತು. ಮತ್ತೆ ಹಾಕಿದ, ಮತ್ತೆ ಟಪ್.

"ಮಧ್ಯಾಹ್ನ ಅಮ್ಮ ಬರ್ತಾರೆ," ಹೆಂಡತಿ ಸ್ಪಂದನಾ ನೆನಪಿಸಿದಳು. "ಮಂಡಿ ಆಪರೇಷನ್ ಆಗಿರೋರು. ಚೂರೂ ಐಸ್ ಇರಲ್ಲ ಬನ್ನಿ ಅಂತ ಮಾತು ಕೊಟ್ಟೋರು ನೀವೇ."

ಚಾಮರಾಜ ಮೂರನೇ ಸಲ ಸ್ವಿಚ್ ಹಾಕಿದ. ಟಪ್.

ಎದುರುಮನೆಯ ಅನಸೂಯ ಆಂಟಿ ಬಂದು, ಒಂದು ಊರಿನ ಉಪ್ಪಿನಕಾಯಿಗಾಗುವಷ್ಟು ಉಪ್ಪನ್ನು ದಾರಿಗೆ ಸುರಿದರು. ದಾರಿ ಉಪ್ಪುನೀರಿನ ಕೆಸರಾಯಿತೇ ಹೊರತು ಹಿಮ ಪೂರ್ತಿ ಕರಗಲಿಲ್ಲ. ಆಮೇಲೆ ಬಂದದ್ದು ನರಸಿಂಹ. "ಆ ಟ್ರಿಪ್ ಸ್ವಿಚ್ಚೇ ತಲೆನೋವು ಕಣೋ. ಅದನ್ನ ತಪ್ಪಿಸಿ ಡೈರೆಕ್ಟ್ ಕೊಡು. ಊರಲ್ಲಿ ಫ್ಯೂಸ್ ಹೋದ್ರೆ ತಂತಿ ಸುತ್ತಲ್ವಾ?"

ಚಾಮರಾಜ ಸ್ಕ್ರೂಡ್ರೈವರ್ ಹಿಡಿದು ಯುದ್ಧಕ್ಕೆ ಹೊರಟವನಂತೆ ಬೋರ್ಡಿನತ್ತ ನಡೆದ. ಸ್ಪಂದನಾ ಅಡ್ಡ ನಿಂತಳು. "ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೀನಿ. ಅವನು ಬರೋಕ್ ಮುಂಚೆ ಮುಟ್ಟಿದ್ರೆ, ಅಮ್ಮ ಇರೋವಷ್ಟು ದಿನ ಅಡುಗೆ ನಿಮ್ದೇ." ಸ್ಕ್ರೂಡ್ರೈವರ್ ತಾನಾಗಿಯೇ ಕೆಳಗೆ ಬಿತ್ತು.

ಆ ಕೇಬಲ್ ಹಾಕಿದ್ದ ಎಲೆಕ್ಟ್ರಿಷಿಯನ್ ಶೇನ್ ಬಂದು, ಮೀಟರ್ ಹಿಡಿದು ಹುಡುಕುತ್ತ ಗೊಂಬೆಯ ಮುಂದೆ ನಿಂತ.

"ಇವನ್ಯಾರು?"

"ನಮ್ಮ ಸೆಕ್ಯುರಿಟಿ," ಎಂದ ಚಾಮರಾಜ.

"ನಿಮ್ಮ ಸೆಕ್ಯುರಿಟಿಯ ಕಾಲು ನನ್ನ ಕೇಬಲ್ಲಿನೊಳಗಿದೆ. ಟ್ರಿಪ್ ಸ್ವಿಚ್ ಇದ್ದದ್ದಕ್ಕೆ ಬಚಾವು. ಅದನ್ನು ತಪ್ಪಿಸಿದ್ದರೆ ಈ ಉಪ್ಪುನೀರಿಗೆಲ್ಲ ಕರೆಂಟು ಹರಿಯುತ್ತಿತ್ತು."

ಆ ನೀರಿನ ಮೇಲೆ ಅತ್ತೆಯನ್ನು ಕಲ್ಪಿಸಿಕೊಂಡ ಚಾಮರಾಜ ಬಿಟ್ಟ ನಿಟ್ಟುಸಿರಿಗೆ ಬೀದಿಯ ಮಾಡುಗಳ ಹಿಮವೆಲ್ಲ ಜಾರಿಬಿತ್ತು. ನರಸಿಂಹನಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಶೇನ್ ಸಲಾಕೆ ಕಿತ್ತು, ಕಲ್ಲೆಬ್ಬಿಸಿ, ಕೇಬಲ್ ಸರಿಮಾಡಿ ಪರೀಕ್ಷಿಸಿ "ಗ್ರ್ಯಾಂಡ್" ಎಂದ, ಅಂದರೆ ಐರಿಷರ ಬಾಯಲ್ಲಿ ಎಲ್ಲ ಸರಿ. ದಾರಿ ಹಬೆಯಾಡಿತು, ಒಣಗಿತು.

ಟ್ಯಾಕ್ಸಿ ಇಳಿದ ಅತ್ತೆ ಪಾರ್ವತಮ್ಮ ಒಂದು ಸಲವೂ ಜಾರದೆ ಮಹಾರಾಣಿಯಂತೆ ಬಾಗಿಲು ಮುಟ್ಟಿದರು. ಮುಟ್ಟಿ, ಬಗ್ಗಿ, ನೆಲಕ್ಕೆ ಅಂಗೈ ಇಟ್ಟು ನೋಡಿದರು.

"ಅಳಿಯಂದ್ರೆ, ನಮ್ಮ ತಾರಸಿ ಕಾದಂಗೇ ಕಾದೈತಲ್ರೀ. ಅರಳು ಸಂಡಿಗೆಗೆ ಇನ್ನೆರಡು ಬಿಸಿಲು ಬೇಕಿತ್ತು, ಅಷ್ಟ್ರಲ್ಲಿ ಫ್ಲೈಟ್ ಬಂತು. ಬೂಷ್ಟು ಹಿಡಿಯುತ್ತೇನೋ ಅಂತ ದಾರಿಯುದ್ದಕ್ಕೂ ಚಿಂತೆ."

"ಅತ್ತೆ, ಇದರ ಮೇಲೆ ಏನೂ ಹೊದಿಸಬಾರದು ಅಂತ ರೂಲ್ಸು."

"ಹೊದಿಸ್ತಿಲ್ಲಪ್ಪ, ಒಣಗಿಸ್ತಿದೀನಿ."

ಬಾಗಿಲಿನಿಂದ ಗೇಟಿನವರೆಗೆ ತೆಳು ಸೀರೆ ಹಾಸಿದ್ದಾಯಿತು, ಅದರ ತುಂಬ ಸಂಡಿಗೆ. ಇನ್ನು ಬರುವವರು ಹೋಗುವವರು ಹೆಪ್ಪುಗಟ್ಟಿದ ಹುಲ್ಲಿನ ಮೇಲೇ. ಆಕಾಶದಲ್ಲಿ ಕೋಳಿಗಾತ್ರದ ಸೀಗಲ್ ಕಡಲಹಕ್ಕಿಗಳು ಸುತ್ತತೊಡಗಿದ್ದರಿಂದ, ಕೋಲು ಹಿಡಿದು ಕಾಯುವ ಕೆಲಸ ಚಾಮರಾಜನ ಪಾಲಿಗೆ ಬಂತು. ಮೊದಲ ಹಕ್ಕಿಗೆ ಕೋಲು ಬೀಸಿದವನೇ ಐಸಿನ ಮೇಲೆ ಜಾರಿ ಬುಗುರಿಯಂತೆ ತಿರುಗಿದ.

ಕಿಟಕಿಯಿಂದ ಪಾರ್ವತಮ್ಮ ಗಾಬರಿಯಾಗಿ ಕೂಗಿದರು: "ಆ ಕಡೆ ಬೀಳಿ ಅಳಿಯಂದ್ರೆ, ಆ ಕಡೆ. ಸಂಡಿಗೆ ಇನ್ನೂ ಹಸಿ."