ತಾರಾನಾಥನ ಮಿತವ್ಯಯದ ಒಲೆ

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ದೇಶದ ಹಣದುಬ್ಬರವನ್ನು ತಗ್ಗಿಸುವ ಜವಾಬ್ದಾರಿಯನ್ನು ಯಾರೂ ಸರಿಯಾಗಿ ವಹಿಸಿಕೊಳ್ಳುವ ಲಕ್ಷಣ ಕಾಣದ್ದರಿಂದ ಕಾಪುವಿನ ತಾರಾನಾಥ ಅದನ್ನು ತಾನೇ ವಹಿಸಿಕೊಂಡ. ಅವನು ಉಡುಪಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಈ ಕೆಲಸಕ್ಕೆ ದೇಶ ಅವನನ್ನು ಕರೆದಿರಲಿಲ್ಲ (ಹೆಂಡತಿ ನಳಿನಾಕ್ಷಿಯಂತೂ ಬೇಡವೆಂದೇ ಹೇಳಿದ್ದಳು). ಆದರೆ ಸೀಮೆಎಣ್ಣೆಗೆ ಸೊಸೈಟಿಯ ಎದುರು ಒಂದು ಸಾಲು, ಸಕ್ಕರೆಗೆ ಇನ್ನೊಂದು ಸಾಲು, ತೆಂಗಿನೆಣ್ಣೆಯ ಬೆಲೆ ಕೇಳಿದರೆ ಹಚ್ಚುವ ಮೊದಲೇ ತಲೆ ಬಿಸಿ. ಇಂಥ ಕಾಲದಲ್ಲಿ ತಿಳಿದವನು ಸುಮ್ಮನೆ ಕೂರುವುದುಂಟೇ?

ಅವನು ಮೊದಲು ಕೈ ಹಾಕಿದ್ದು ವಿದ್ಯುತ್ತಿಗೆ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೆ ಎರಡು ದೀಪ ಏಕೆ? ಒಂದು ಹೊತ್ತಿಗೆ ಒಂದೇ ದೀಪ ಎಂದು ಕಾನೂನಾಯಿತು. ಅದರ ಫಲವಾಗಿ ನಳಿನಾಕ್ಷಿ ಅಡಿಗೆಮನೆಗೆ ಹೋದರೆ ತಾರಾನಾಥನೂ ಪೇಪರು ಹಿಡಿದುಕೊಂಡು ಅವಳ ಹಿಂದೆ ಹೋಗಬೇಕಾಯಿತು. ಅವಳು ನೀರಿಗೆಂದು ಬಾವಿಕಟ್ಟೆಗೆ ಹೊರಟರೆ ಇವನು ಕತ್ತಲೆಯಲ್ಲಿ ಕುಳಿತು ದೇಶದ ಬಗ್ಗೆ ಯೋಚಿಸುತ್ತಿದ್ದ. ಆಮೇಲೆ ಸವೆದ ಸಾಬೂನಿನ ಚೂರುಗಳನ್ನೆಲ್ಲ ಒತ್ತಿ ಒಂದು ಉಂಡೆ ಮಾಡಿದ. ಅದು ನೋಡಲು ಯಾವುದೋ ಪುರಾತನ ವಿಗ್ರಹದ ಮುರಿದ ಮೂಗಿನ ಹಾಗಿತ್ತು. ನಳಿನಾಕ್ಷಿ ಇದನ್ನೆಲ್ಲ ಸಹಿಸಿಕೊಂಡಳು. ಮದುವೆಯಾಗಿ ಏಳು ವರ್ಷದಲ್ಲಿ ಗಂಡನ ಉತ್ಸಾಹ ಶೀತದಂಥದ್ದು, ಮದ್ದು ಕೊಟ್ಟರೂ ಕೊಡದಿದ್ದರೂ ಒಂದು ವಾರದಲ್ಲಿ ಇಳಿಯುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು.

ಈ ಸಲ ಮಾತ್ರ ಇಳಿಯಲಿಲ್ಲ. ಕಾರ್ಕಳದ ಅಕ್ಕನ ಮನೆಗೆ ಹೋದವನು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ದೊಡ್ಡ ತಗಡಿನ ಡಬ್ಬ ಇಟ್ಟುಕೊಂಡು ಬಂದ.

"ಇದೆಂತ ಮಾರಾಯ್ರೆ? ಕೋಳಿಗೂಡಾ?" ಎಂದಳು ನಳಿನಾಕ್ಷಿ. ಡಬ್ಬದ ಬುಡದಲ್ಲಿ ಒಂದು ತೂತಿತ್ತು.

"ಒಲೆ! ಮರದ ಹುಡಿಯ ಒಲೆ. ಸೀಮೆಎಣ್ಣೆ ಬೇಡ, ಸೌದೆ ಬೇಡ. ಮರದ ಮಿಲ್ಲಿನಲ್ಲಿ ಬಿಸಾಡುವ ಹುಡಿ ಉಂಟಲ್ಲ, ಅದನ್ನು ತುಂಬಿಸಿದರೆ ಆಯ್ತು. ಬೆಂಕಿ ಪುಕ್ಕಟೆ."

"ಪುಕ್ಕಟೆ ಸಿಕ್ಕಿದ್ದು ಯಾವುದೂ ನಮ್ಮ ಮನೆಯಲ್ಲಿ ಪುಕ್ಕಟೆ ಆಗಿ ಉಳಿದದ್ದು ನಾನು ನೋಡಲಿಲ್ಲ" ಎಂದಳು ಅವಳು. ತಾರಾನಾಥ ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಮನೆಯ ಸಿಲ್ವೆಸ್ಟರ್ ಉಡುಪಿ-ಪಡುಬಿದ್ರಿ ಬಸ್ಸಿನ ಕಂಡಕ್ಟರ್. ಅವನನ್ನು ಹಿಡಿದು ಉದ್ಯಾವರದ ಮಿಲ್ಲಿನಿಂದ ಆರು ಗೋಣಿ ಹುಡಿಯನ್ನು ಬಸ್ಸಿನ ಮೇಲೆ ಹೇರಿಸಿ ತಂದದ್ದಾಯಿತು. ಹುಡಿ ಒದ್ದೆಯಾಗಬಾರದು. ಆ ಹಂಚಿನ ಮನೆಯಲ್ಲಿ ಮಳೆಗೆ ಸೋರದೆ ಇದ್ದದ್ದು ಮಲಗುವ ಕೋಣೆ ಒಂದೇ. ಆರು ಗೋಣಿ ಹುಡಿ ಅಲ್ಲಿ ಬಿಜಯಂಗೈದಿತು. ಉಳಿದ ಜಾಗದಲ್ಲಿ ಒಂದು ಚಾಪೆ ಹಿಡಿಸುತ್ತಿತ್ತು, ಅದು ನಳಿನಾಕ್ಷಿಗೆ. ತಾರಾನಾಥ ಮನೆಯ ಮುಂದಿನ ತೆರೆದ ಚಾವಡಿಯಲ್ಲಿ ಮಲಗಿದ. ಪಡುವಣ ಗಾಳಿಗೆ ಮಳೆಯ ಇರಿಚಲು ಹೊಡೆದು ಅವನಿಗೆ ಮೂರನೇ ದಿನವೇ ಶೀತ ಹಿಡಿಯಿತು. ಮೂಗು ಕಟ್ಟಿದ್ದು ಬಿಡಲೇ ಇಲ್ಲ. ದೇಶಕ್ಕಾಗಿ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಅವನು ಸೀನಿದ.

ಒಲೆಯ ಉದ್ಘಾಟನೆ ಒಂದು ಭಾನುವಾರ. ಡಬ್ಬದ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಹುಡಿ ಹಾಕಿ, ಒನಕೆಯಿಂದ ಗಟ್ಟಿಯಾಗಿ ತುಂಬಿಸಿ, ಬಾಟ್ಲಿಯನ್ನು ಮೆಲ್ಲಗೆ ಎಳೆಯಬೇಕು. ನಡುವೆ ಕೊಳವೆಯಂಥ ದಾರಿ ಉಳಿಯುತ್ತದೆ. ತಾರಾನಾಥ ಎಳೆದಾಗ ಎರಡು ಸಲ ದಾರಿ ಕುಸಿಯಿತು. ಮೂರನೇ ಸಲ ನಿಂತಿತು. ಬುಡದ ತೂತಿನಿಂದ ಕೊಳ್ಳಿ ಇಟ್ಟಾಗ ಬೆಂಕಿ ಭುಗ್ಗೆಂದು ಮೇಲೆ ಬಂದು ಹೂವಿನಂತೆ ಅರಳಿತು. ಕುಚ್ಚಿಲಕ್ಕಿ ಬೆಂದಿತು. ಬಂಗುಡೆ ಸಾರು ಕುದಿಯಿತು. ಸುದ್ದಿ ಕೇಳಿ ಬೇಲಿಯ ಆಚೆಯಿಂದ ಬಂದ ಸಿಲ್ವೆಸ್ಟರನ ಹೆಂಡತಿ ಆಂಜೆಲಾ ಬಾಯಿ ಆಶ್ಚರ್ಯದಿಂದ ಮೂಗಿನ ಮೇಲೆ ಬೆರಳಿಟ್ಟಳು.

"ಆಯ್ತು, ಅಡಿಗೆ ಮುಗಿಯಿತು. ಇನ್ನು ನಂದಿಸಿ" ಎಂದಳು ನಳಿನಾಕ್ಷಿ.

ತಾರಾನಾಥ ಒಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಸ್ಟವ್ವಿನ ಹಾಗೆ ತಿರುಗಿಸಲು ಕಿವಿ ಇರಲಿಲ್ಲ, ಹಳೆಯ ಒಲೆಯ ಹಾಗೆ ಹೊರಗೆಳೆಯಲು ಸೌದೆಯೂ ಇರಲಿಲ್ಲ. ನೀರು ಹೊಯ್ದರೆ ಹುಡಿ ಹಾಳು, ಒಲೆಯೂ ಹಾಳು.

"ನಂದಿಸುವುದು ಹೇಗೆ ಅಂತ ಅಕ್ಕ ಹೇಳಲಿಲ್ಲ."

"ನೀವು ಕೇಳಿದಿರಾ?"

"ಹುಡಿ ಮುಗಿದ ಮೇಲೆ ತನ್ನಿಂದ ತಾನೇ ನಂದುತ್ತದೆ."

"ಅದು ಯಾವಾಗ?"

"ಇನ್ನೊಂದು ಮೂರು ಗಂಟೆ ಉರಿಯಬಹುದು" ಎಂದ ತಾರಾನಾಥ, ತುಸು ಸಣ್ಣ ಸ್ವರದಲ್ಲಿ.

ಪುಕ್ಕಟೆ ಬೆಂಕಿ ಕಣ್ಣೆದುರೇ ಸುಮ್ಮನೆ ಉರಿದುಹೋಗುವುದನ್ನು ನೋಡಿಕೊಂಡಿರುವುದು ಅವನಂಥ ಮಿತವ್ಯಯಿಗೆ ಸಾಧ್ಯವಾಗುವ ಮಾತಲ್ಲ. "ಎಂತಾದ್ರೂ ಇಡು ಮಾರಾಯ್ತಿ, ಬೆಂಕಿ ಹಾಳಾಗ್ತಾ ಉಂಟು!" ಎಂದು ಅವಸರಪಡಿಸಿದ. ಬಿಸಿನೀರು ಇಟ್ಟದ್ದಾಯಿತು. ಬೆಳಿಗ್ಗೆ ಮಿಂದಿದ್ದ ತಾರಾನಾಥ ನೀರು ದಂಡವಾಗಬಾರದೆಂದು ಮತ್ತೊಮ್ಮೆ ಮಿಂದ. ಬೆಂಕಿ ಹಾಗೆಯೇ ಇತ್ತು. ಹೆಸರುಬೇಳೆ ಪಾಯಸ ಇಟ್ಟದ್ದಾಯಿತು. ಇಬ್ಬರಿಗೆ ಪಾಯಸ ಎಷ್ಟು ಬೇಕು? ಉಳಿದದ್ದು ಹಾಳಾದರೆ ಅದು ಅಪವ್ಯಯ. ಆದ್ದರಿಂದ ಆಂಜೆಲಾ ಬಾಯಿಯನ್ನೂ ಸಿಲ್ವೆಸ್ಟರನನ್ನೂ ಕೂಗಿ ಬಡಿಸಿದ್ದಾಯಿತು.

ಮರುದಿನ ಹಾಗೆಯೇ. ಅದರ ಮರುದಿನವೂ. ಒಂದು ದಿನ ಕಡಲೆ ಹುರಿದರು, ಒಂದು ದಿನ ಹಲಸಿನ ಹಪ್ಪಳ, ಒಂದು ದಿನ ಬೆಲ್ಲ ಕಾಯಿ ಹಾಕಿದ ಸಿಹಿ ಕಡುಬು. ಉಳಿತಾಯಕ್ಕೆಂದು ಮನೆಗೆ ಬಂದ ಒಲೆ ದಿನವೂ ಔತಣ ಏರ್ಪಡಿಸತೊಡಗಿತು. ಸಿಲ್ವೆಸ್ಟರ್ ಸಂಜೆ ಟ್ರಿಪ್ಪು ಮುಗಿಸಿ ನೇರ ಇವರ ಚಾವಡಿಗೇ ಬಂದು ಕೂರುತ್ತಿದ್ದ. "ತಾರಾನಾಥಣ್ಣ, ಈ ಕಾಲದಲ್ಲೂ ನಿಮ್ಮ ಕೈ ಎಷ್ಟು ದೊಡ್ಡದು!" ಎಂದು ಅವನು ಹೊಗಳಿದಾಗ ತಾರಾನಾಥನಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಜಿನಸಿನ ಅಂಗಡಿಯವನು ಅವನನ್ನು ಕಂಡರೆ ಎದ್ದು ನಿಲ್ಲಲು ಸುರು ಮಾಡಿದ್ದ.

ತಿಂಗಳ ಕೊನೆಗೆ ಅಂಗಡಿಯವನು ಅಷ್ಟು ಮರ್ಯಾದೆ ಕೊಡುತ್ತಿದ್ದದ್ದು ಏಕೆಂದು ತಿಳಿಯಿತು. ಸೀಮೆಎಣ್ಣೆಯಲ್ಲಿ ಉಳಿದದ್ದಕ್ಕಿಂತ ನಾಲ್ಕು ಪಾಲು ಬೆಲ್ಲದಲ್ಲಿ, ತೆಂಗಿನಕಾಯಿಯಲ್ಲಿ ಹೋಗಿತ್ತು.

"ಇದು ಮಿತವ್ಯಯ ಅಲ್ಲ, ಅಮಿತವ್ಯಯ!" ಎಂದು ಗುಡುಗಿದ ತಾರಾನಾಥ. ಕಟ್ಟಿದ ಮೂಗಿನಿಂದಾಗಿ ಗುಡುಗು 'ಅಬಿತವ್ಯಯ' ಎಂದು ಹೊರಬಂತು. "ಸಂಬಳ ನೋಡಿದರೆ ಇಷ್ಟೇ, ನೀನು ದಿನಾ ಮದುವೆ ಮನೆಯ ಹಾಗೆ ಬೇಯಿಸಿ ಹಾಕಿದರೆ?"

"ನಾನಾ? 'ಎಂತಾದ್ರೂ ಇಡು, ಎಂತಾದ್ರೂ ಇಡು' ಅಂತ ಬೊಬ್ಬೆ ಹಾಕಿದ್ದು ಯಾರು?"

"ಎಂತಾದ್ರೂ ಅಂದರೆ ಪಾಯಸವೇ ಇಡಬೇಕು ಅಂತ ಉಂಟಾ?"

"ಮತ್ತೆ ಕಲ್ಲು ಬೇಯಿಸುವುದಾ? ಆಗಬಹುದು. ಅಂಗಳದಲ್ಲಿ ಬೇಕಾದಷ್ಟು ಉಂಟು. ಉಪ್ಪು ಹುಳಿ ಎಷ್ಟು ಹಾಕಬೇಕು ಹೇಳಿ."

ತಾರಾನಾಥ ಎದ್ದು ನಿಂತ. ಇಂಥ ಹೊತ್ತಿನಲ್ಲಿ ಅವನು ಕುಳಿತು ಮಾತಾಡುತ್ತಿರಲಿಲ್ಲ. "ಇವತ್ತಿನಿಂದ, ದೇಶದಲ್ಲಿ ಬೆಲೆ ಇಳಿಯುವ ತನಕ, ಈ ಮನೆಯಲ್ಲಿ ತಿಂಡಿ ಎಂಬ ಪದಾರ್ಥ ಯಾರೂ ತಿನ್ನಕೂಡದು. ಗಂಜಿ, ಚಟ್ನಿ, ಸಿಕ್ಕಿದರೆ ಒಂದು ಮೀನು. ಮುಗಿಯಿತು."

"ಒಲೆ?"

"ಒಲೆ ಇರಲಿ. ಉರಿಯುವುದು ಅದರ ಧರ್ಮ. ತಡೆದುಕೊಳ್ಳುವುದು ನಮ್ಮ ಧರ್ಮ."

ನಳಿನಾಕ್ಷಿ ಒಲೆಯ ಕಡೆಗೊಮ್ಮೆ ನೋಡಿದಳು. "ಯಾರೂ ತಿನ್ನಕೂಡದು, ಅಷ್ಟೇ ಅಲ್ವಾ?" ಎಂದು ಕೇಳಿದಳು. ಅಷ್ಟೇ ಎಂದ ತಾರಾನಾಥ. ಹೆಂಡತಿ ಇಷ್ಟು ಬೇಗ ಒಪ್ಪಿದ್ದು ಅವನಿಗೆ ಆಶ್ಚರ್ಯವಾಯಿತು, ತನ್ನ ಮಾತಿನ ತೂಕವೇ ಹಾಗೆ ಎಂದು ಸಮಾಧಾನವೂ ಆಯಿತು.

ಮುಂದಿನ ಎರಡು ತಿಂಗಳು ಅವನ ಜೀವನದ ಸುವರ್ಣಯುಗ. ಜಿನಸಿನ ಬಾಕಿ ಕರಗಿತು. ನಳಿನಾಕ್ಷಿ ಹಣ ಕೇಳುವುದನ್ನೇ ಬಿಟ್ಟಳು. ಒಂದು ದಿನ ತಾನಾಗಿ ಅವನಿಗೆ ಹೊಸ ಕೊಡೆ ತಂದುಕೊಟ್ಟಳು. ಉಳಿತಾಯದ ಮಹಿಮೆ ನೋಡು ಎಂದುಕೊಂಡ ತಾರಾನಾಥ. ಬೇಲಿಯ ಬದಿಯಲ್ಲಿ ಸೊಂಪಾಗಿ ಬೆಳೆದಿದ್ದ ಕೆಸುವಿನ ಎಲೆಗಳೆಲ್ಲ ಮಾಯವಾದದ್ದನ್ನೂ ಗಮನಿಸಿದ, ಯಾರದೋ ದನ ಮೇದಿರಬೇಕು ಎಂದು ಬಿಟ್ಟುಬಿಟ್ಟ. ಕಚೇರಿಯಲ್ಲಿ ಪಕ್ಕದ ಮೇಜಿನ ವಿಠಲನಿಗೆ ಬಿಡುವಿದ್ದಾಗಲೆಲ್ಲ ಉಪದೇಶ ನಡೆಯಿತು.

"ನೋಡು ವಿಠಲ, ಆದಾಯ ಹೆಚ್ಚಿಸುವುದು ನಮ್ಮ ಕೈಯಲ್ಲಿ ಇಲ್ಲ. ನಾಲಗೆಯನ್ನು ಹಿಡಿಯುವುದು ನಮ್ಮ ಕೈಯಲ್ಲಿ ಉಂಟು."

"ನಾಲಗೆ ಕೈಯಲ್ಲಿ ಹಿಡಿದರೆ ಜಾರುತ್ತದೆ ಮಾರಾಯ" ಎಂದ ವಿಠಲ.

ಜಾರಿಯೇ ಜಾರಿತು. ಗಂಜಿ ಚಟ್ನಿ ಉಂಡು ಉಂಡು ನಾಲ್ಕು ಗಂಟೆಯ ಹೊತ್ತಿಗೆ ತಾರಾನಾಥನ ಹೊಟ್ಟೆಯಲ್ಲಿ ಒಂದು ಬಗೆಯ ಶೂನ್ಯ ಆವರಿಸುತ್ತಿತ್ತು. ಕಚೇರಿಯ ಕೆಳಗೇ ಸುಂದರಣ್ಣನ ಕ್ಯಾಂಟೀನು. ಒಂದು ದಿನ ಬರೇ ಚಹಾಕ್ಕೆಂದು ಇಳಿದವನು ವಿಠಲನ ಎಲೆಯಲ್ಲಿ ಪತ್ರೊಡೆ ನೋಡಿದ. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕತ್ತರಿಸಿ, ಎಣ್ಣೆಯಲ್ಲಿ ಕೆಂಪಗೆ ಕಾಯಿಸಿದ್ದು. ಮೂಗು ಕಟ್ಟಿದ್ದರೂ ಕಣ್ಣು ಕಟ್ಟಿರಲಿಲ್ಲ. ಒಂದು ಬಿಲ್ಲೆ ಬಾಯಿಗಿಟ್ಟ. ಹುಳಿ, ಖಾರ, ಬೆಲ್ಲ ಮೂರೂ ಒಂದರ ಹಿಂದೆ ಒಂದು ಬಂದವು. ಗಂಟಲು ಒಂದಿಷ್ಟೂ ತುರಿಸಲಿಲ್ಲ.

"ಕೆಸು ಇಷ್ಟು ಹದವಾಗಿ ಬೇಯಬೇಕಾದರೆ ಗಂಟೆಗಟ್ಟಲೆ ಹಬೆ ಬೇಕು. ಈಗಿನ ಕಾಲದಲ್ಲಿ ಅಷ್ಟು ಉರಿ ಹಾಕುವವರು ಯಾರು ಸುಂದರಣ್ಣ?" ಎಂದ.

"ನಾನಲ್ಲ ಸಾರ್. ನನ್ನದು ಕತ್ತರಿಸಿ ಕಾಯಿಸುವ ಕೆಲಸ ಮಾತ್ರ. ಹನ್ನೊಂದು ಗಂಟೆಯ ಬಸ್ಸಲ್ಲಿ ಯಾರೋ ಮನೆಯವರು ಮಾಡಿ ಕಳಿಸ್ತಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಎದುರಿನ ಹೋಟೆಲಿನವ ಅವರನ್ನು ಹಾರಿಸಿಕೊಂಡು ಹೋಗ್ತಾನೆ."

ಆಮೇಲೆ ಪ್ರತಿ ಸಂಜೆ ಅವನು ಪತ್ರೊಡೆ ತಿಂದ. ಪ್ಲೇಟಿಗೆ ಎಂಟಾಣೆ. ಮನೆಯಲ್ಲಿ ತಿಂಡಿ ತಿನ್ನಕೂಡದು ಎಂದಿತ್ತೇ ಹೊರತು ಕ್ಯಾಂಟೀನಿನ ಮಾತು ಬಂದಿರಲಿಲ್ಲವಲ್ಲ? ಆದರೂ ಮನೆಯ ಮೆಟ್ಟಲು ಹತ್ತುವ ಮುಂಚೆ ತುಟಿ ಒರೆಸಿಕೊಳ್ಳುತ್ತಿದ್ದ. ರಾತ್ರಿ ಗಂಜಿಯ ಎದುರು ಕುಳಿತಾಗ ಅವನಿಗೆ ನಿಜಕ್ಕೂ ಒಂದು ದುಃಖ ಕಾಡುತ್ತಿತ್ತು. ಯಾವುದೋ ಊರಿನ ಯಾವುದೋ ಹೆಂಗಸು ಉರಿಯನ್ನು ಇಷ್ಟು ಚೆನ್ನಾಗಿ ಉಪಯೋಗಿಸುತ್ತಾಳೆ. ತನ್ನ ಮನೆಯಲ್ಲಿ ಮೂರು ಗಂಟೆಯ ಪುಕ್ಕಟೆ ಬೆಂಕಿ ದಿನವೂ ಗಾಳಿಗೆ ಹೋಗುತ್ತದೆ. ನಳಿನಾಕ್ಷಿಗೆ ಇಂಥ ಬುದ್ಧಿ ಏಕಿಲ್ಲ?

ಬುದ್ಧಿ ಇಲ್ಲದಿದ್ದರೆ ಕಲಿಸಬೇಕು. ಒಂದು ಶನಿವಾರ ಅವನು ಧೈರ್ಯ ಮಾಡಿ ಕತ್ತರಿಸದ ಒಂದು ಇಡೀ ಸುರುಳಿಯನ್ನು ಬಾಳೆಲೆಯಲ್ಲಿ ಕಟ್ಟಿಸಿ ಮನೆಗೆ ತಂದು ಹೆಂಡತಿಯ ಎದುರು ಇಟ್ಟ.

"ತಿಂದು ನೋಡು. ತಿನ್ನುವುದಕ್ಕಲ್ಲ, ಕಲಿಯುವುದಕ್ಕೆ. ಇದನ್ನು ಮಾಡಿದವರು ಗೃಹಿಣಿ ಅಂದರೆ ಗೃಹಿಣಿ. ನಿನ್ನ ಹತ್ತಿರ ಒಲೆ ಉಂಟು, ಹುಡಿ ಉಂಟು, ಬೇಲಿಯಲ್ಲಿ ಕೆಸು ಇತ್ತು, ದನ ತಿಂದದ್ದು ಬೇರೆ ಮಾತು. ಮನಸ್ಸು ಮಾಡಿದರೆ ನೀನೂ ಇದರ ಅರ್ಧದಷ್ಟು ರುಚಿಗೆ ಬಂದೀಯ."

ನಳಿನಾಕ್ಷಿ ಬಾಳೆಲೆ ಬಿಚ್ಚಿದಳು. ಸುರುಳಿಗೆ ಕಟ್ಟಿದ್ದ ಬಾಳೆನಾರಿನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ವ್ಯಾಪಾರಸ್ಥರ ಮುಖದಲ್ಲಿ ಮಾತ್ರ ಕಾಣುವ ಒಂದು ಗಾಂಭೀರ್ಯ ಇತ್ತು.

"ಇದನ್ನು ಸುಂದರಣ್ಣ ಪ್ಲೇಟಿಗೆ ಎಷ್ಟಕ್ಕೆ ಕೊಡ್ತಾರೆ?"

"ಎಂಟಾಣೆ" ಎಂದ ತಾರಾನಾಥ. ಸುಂದರಣ್ಣನ ಹೆಸರನ್ನು ತಾನು ಹೇಳಿಯೇ ಇಲ್ಲವಲ್ಲ ಎಂಬುದು ಅವನಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು.

"ಎಂಟಾಣೆಯಾ!" ನಳಿನಾಕ್ಷಿ ಬೇಲಿಯ ಕಡೆಗೆ ತಿರುಗಿ ಕೂಗಿದಳು. "ಆಂಜೆಲಾ ಬಾಯೀ, ಕೇಳಿದಿರಾ? ನಮಗೆ ಪ್ಲೇಟಿನ ಲೆಕ್ಕದಲ್ಲಿ ಮೂರಾಣೆ ಕೊಟ್ಟು ಆ ಮನುಷ್ಯ ಎಂಟಾಣೆಗೆ ಮಾರ್ತಾ ಇದ್ದಾನಂತೆ! ಸೋಮವಾರ ಸಿಲ್ವೆಸ್ಟರ್ ಬಾವನ ಹತ್ತಿರ ಹೇಳಿ ಕಳಿಸಿ, ಇನ್ನು ಐದಾಣೆಗೆ ಕಡಿಮೆ ಆಗುವುದಿಲ್ಲ ಅಂತ!"

ಬೇಲಿಯ ಆಚೆಯಿಂದ ಆಂಜೆಲಾ ಬಾಯಿ, "ಆರು ಅಂತ ಹೇಳಿ ನಳಿನಕ್ಕ, ಐದಕ್ಕೆ ನಿಲ್ತದೆ" ಎಂದಳು.

ತಾರಾನಾಥ ಅಲ್ಲೇ ಇದ್ದ ಹುಡಿಯ ಗೋಣಿಯ ಮೇಲೆ ಕುಳಿತ. "ನನಗೆ ಹೇಳಬಾರದಿತ್ತಾ?" ಎಂದ.

"ಹೇಳಿದ್ದರೆ ನೀವು ಅದಕ್ಕೆ ಅಧ್ಯಕ್ಷರಾಗ್ತಿದ್ರಿ. ಮತ್ತೆ ಯಾರೂ ತಿನ್ನಕೂಡದು ಅಂತ ಮಾತ್ರ ನೀವು ಹೇಳಿದ್ದು. ನಾನು ಒಂದು ತುಂಡು ತಿನ್ನಲಿಲ್ಲ, ಬೇಕಾದರೆ ಆಂಜೆಲಾ ಬಾಯಿಯನ್ನು ಕೇಳಿ" ಎಂದು ನಳಿನಾಕ್ಷಿ ಸುರುಳಿಯನ್ನು ಮತ್ತೆ ಬಾಳೆಲೆಯಲ್ಲಿ ಸುತ್ತಿದಳು. "ಇದು ಕೆಟ್ಟಿಲ್ಲ. ಸೋಮವಾರದ ತನಕ ಇರ್ತದೆ. ವಾಪಸು ಕಳಿಸಬಹುದು."

ಮಂಗಳವಾರ ಸಂಜೆ ತಾರಾನಾಥ ಕ್ಯಾಂಟೀನಿಗೆ ಹೋಗಬಾರದೆಂದು ನಿಶ್ಚಯಿಸಿ ನಾಲ್ಕೂಕಾಲಿಗೆ ಹೋದ. ವಿಠಲ ಮೊದಲೇ ಬಂದು ಕುಳಿತಿದ್ದ, ಮುಖ ಸಣ್ಣದಾಗಿತ್ತು.

"ಪತ್ರೊಡೆಗೆ ಹನ್ನೆರಡಾಣೆ ಅಂತೆ ಮಾರಾಯ! ಒಂದೇ ಸಲಕ್ಕೆ ನಾಲ್ಕಾಣೆ ಏರುವುದುಂಟಾ?"

"ನಾನೆಂತ ಮಾಡಲಿ ಸಾರ್" ಎಂದ ಸುಂದರಣ್ಣ ಕೌಂಟರಿನಿಂದ. "ಎರಡು ತಿಂಗಳು ಸುಮ್ಮನೆ ಕಳಿಸ್ತಾ ಇದ್ದರು. ಯಾರೋ ತಲೆ ಸರಿ ಇಲ್ಲದ ಗಿರಾಕಿ ಹೋಗಿ ಇಲ್ಲಿಯ ರೇಟು ಅವರಿಗೆ ಹೇಳಿದ್ದಾನಂತೆ. ಅವನು ಯಾರು ಅಂತ ಗೊತ್ತಾದರೆ ಇವತ್ತು ಅವನಿಗೆ ಎರಡು ಬಿಡ್ತೇನೆ."

"ಬಿಡಲೇಬೇಕು" ಎಂದ ವಿಠಲ. "ಇಂಥವರಿಂದಲೇ ದೇಶದಲ್ಲಿ ಬೆಲೆ ಏರುವುದು. ಅಲ್ವಾ ತಾರಾನಾಥ?"

ತಾರಾನಾಥ ಕಿಟಕಿಯ ಹೊರಗೆ ಮಳೆ ನೋಡುತ್ತಾ, "ಒಂದು ಪ್ಲೇಟು" ಎಂದ.