ಅಬು ಹಮದರ ಹುಲ್ಲಿಗೆ ನಾನು ಗೊಬ್ಬರ ಹಾಕಿದ್ದು

ಅರಬ್ ನಾಡಿನ ಸೀಬ್ ಪಟ್ಟಣದಲ್ಲಿ ನಾವಿರುವುದು ಒಂದು ವಿಲ್ಲಾದ ಮೇಲಂತಸ್ತಿನಲ್ಲಿ. ಕೆಳಗೆ ಮನೆಯ ಮಾಲೀಕರು, ಅಬು ಹಮದ್. ಅವರ ಅತಿಥಿಗಳ ಕೋಣೆಯಾದ ಮಜ್ಲಿಸ್ ಮುಂದೆ ಅಂದವಾದ ಹುಲ್ಲುಹಾಸು. ಅಕ್ಟೋಬರಿನಲ್ಲಿ, ಬೇಸಿಗೆಗೆ ಬಳಲಿದ ಹುಲ್ಲಿಗೆ ಗೊಬ್ಬರ ಹಾಕಬೇಕಾದ ಹೊತ್ತಿಗೇ ತೋಟದ ರಫೀಕ್ ರಜೆಗೆಂದು ಊರಿಗೆ ಹೊರಟ. ಮುಂದಿನ ವಾರ ಅಬು ಹಮದರ ಮಗಳ ನಿಶ್ಚಿತಾರ್ಥ ಬೇರೆ!

"ಚಿಂತೆ ಬೇಡ, ನಾನಿದ್ದೇನೆ!" ಎಂದೆ.

ಯಾರೂ ನನ್ನನ್ನು ಕೇಳಿರಲಿಲ್ಲ.

"ಸಾಬ್, ಥೋಡಾ ಥೋಡಾ. ಶಾಮ್ ಕೋ. ಫಿರ್ ಬಹುತ್ ಪಾನಿ" ಎಂದ ರಫೀಕ್. ಸ್ವಲ್ಪವೇ ಹಾಕಬೇಕು, ಸಂಜೆ ಹಾಕಬೇಕು, ಆಮೇಲೆ ಧಾರಾಳ ನೀರು ಬಿಡಬೇಕು. ಆದರೆ ನಾನು ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿದ್ದೆ. ಮೂರನ್ನೂ ಅರ್ಧರ್ಧ!

ಶುಕ್ರವಾರ ಪಕ್ಕದೂರು ಬರ್ಕಾದಿಂದ ಒಂದು ಚೀಲ ಯೂರಿಯಾ ತಂದು, ಉರಿಬಿಸಿಲಲ್ಲೇ ಮದುಮಕ್ಕಳಿಗೆ ಅಕ್ಷತೆ ಎರಚುವ ಉತ್ಸಾಹದಲ್ಲಿ ಎರಚತೊಡಗಿದೆ. ಬಾಲ್ಕನಿಯಿಂದ ಹೆಂಡತಿ ಶಶಿಕಲಾ ಕೂಗಿದಳು:

"ಎಂತ ಮಾರಾಯ್ರೆ, ಅಷ್ಟು ಹಾಕ್ಲಿಕ್ಕುಂಟಾ? ನೀರಾದ್ರೂ ಬಿಡಿ!"

"ನೀರು ಬಿಟ್ಟರೆ ಗೊಬ್ಬರ ಕರಗಿ ಹೋಗುತ್ತದೆ!" ಎಂದು ಕೃಷಿ ವಿಜ್ಞಾನಿಯ ಗಾಂಭೀರ್ಯದಿಂದ ಉತ್ತರಿಸಿದೆ.

ಅದು ಕರಗಲೆಂದೇ ನೀರು ಬಿಡುವುದು ಎಂಬ ಸತ್ಯ ನನಗೆ ಹೊಳೆದದ್ದು ಮೂರನೆಯ ದಿನ. ಅಷ್ಟರಲ್ಲಿ ಹುಲ್ಲು ಸುಟ್ಟಿತ್ತು! ಒಂದೊಂದು ಮುಷ್ಟಿ ಬಿದ್ದಲ್ಲಿ ಒಂದೊಂದು ಕಂದು ವೃತ್ತ.

"ದೋಸೆ ಹೊಯ್ದ ಹಾಗೆ ಉಂಟು. ಸೀದ ದೋಸೆ" ಎಂದಳು ಶಶಿಕಲಾ. ಮಗಳು "ಪಪ್ಪಾ, ಯು ಕಿಲ್ಡ್ ಇಟ್" ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಳು.

ಅಬು ಹಮದ್ ಕೇಳಿದಾಗ "ಗೊಬ್ಬರ ಹಿಡಿಯುತ್ತಿರುವ ಲಕ್ಷಣ" ಎಂದು ನಂಬಿಸಿದೆ. ಅಂದಿನಿಂದ ನೀರೋ ನೀರು! ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅಬು ಹಮದ್ ಮಜ್ಲಿಸ್‌ನ ಕೀಲಿ ನನ್ನ ಕೈಗೆ ಕೊಟ್ಟು, ಬೀಗರನ್ನು ಕರೆತರಲು ಹೋದರು. ಕೊನೆಯ ಪ್ರಯತ್ನವೆಂದು ನಲ್ಲಿ ಪೂರ್ತಿ ತಿರುಗಿಸಿಟ್ಟು ಊಟಕ್ಕೆ ಹೋದೆ. ಊಟದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿದೆ.

ಆ ಐದು ನಿಮಿಷ ಎರಡು ಗಂಟೆಯಾಯಿತು. ಎದ್ದು ಓಡಿ ಬಂದರೆ ಹುಲ್ಲುಹಾಸು ಕೆರೆಯಾಗಿ, ಕೋಡಿ ಹರಿದು, ಮಜ್ಲಿಸ್‌ನ ಬಾಗಿಲಡಿಯಿಂದ ನೀರು ಒಳಗೆ ನುಗ್ಗಿದೆ! ಅಬು ಹಮದರ ಕೆಂಪು ರತ್ನಗಂಬಳಿಗಳು ತೇಲುವುದೊಂದು ಬಾಕಿ.

ಗಂಡ ಹೆಂಡತಿ ಸೇರಿ ನೀರು ಬಳಿದೆವು. ಗಂಬಳಿಗಳನ್ನು ಎಳೆದು ತಂದು, ನೀರು ಇಳಿದ ಹುಲ್ಲಿನ ಮೇಲೆ ಒಣಗಲು ಹಾಸಿದೆವು. ಒಂದು ತಾಸಿನ ಬಿಸಿಲಿಗೆ ಮೇಲ್ಮೈ ಒಣಗಿದಂತೆ ಕಂಡಿತು. ಅಷ್ಟರಲ್ಲಿ ಗೇಟಿನಲ್ಲಿ ನಾಲ್ಕು ಕಾರು!

"ಮಾಶಾಲ್ಲಾ!" ಅಬು ಹಮದ್ ಕೈ ಚಾಚಿ ಬಂದು ನನ್ನನ್ನು ಅಪ್ಪಿಕೊಂಡರು. "ಹೊರಗೇ ಕೂರಿಸುವ ಏರ್ಪಾಡು! ಎಂಥ ಯೋಚನೆ, ಭಾಯ್!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಚ್ಚ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಹತ್ತು ಹನ್ನೆರಡು ಹಿರಿಯರು ಗಂಬಳಿಗಳ ಮೇಲೆ ಕುಳಿತೇಬಿಟ್ಟರು. ಖರ್ಜೂರ ಬಂತು. ಅರಬ್ಬರ ಕಾಫಿ ಕಹ್ವಾ ಬಂತು. ಗಂಡಿನ ಅಜ್ಜ ಒಂದೆರಡು ಬಾರಿ ಕುಳಿತಲ್ಲೇ ಅಲುಗಾಡಿದರು. ನನ್ನೆದೆಯೂ ಅಲುಗಾಡಿತು.

ಮಾತುಕತೆ ಮುಗಿದು ಎಲ್ಲರೂ ಎದ್ದರು. ಪ್ರತಿಯೊಬ್ಬರ ಹಿಂಭಾಗದಲ್ಲೂ ಒಂದೊಂದು ದುಂಡನೆಯ ಕೆಂಪು ಮುದ್ರೆ!

ಸಂಬಂಧ ಮುರಿದರೆ ಗತಿಯೇನು? ಅಜ್ಜ ಹಿಂದೆ ಕೈಯಾಡಿಸಿ, ಬೆರಳು ನೋಡಿಕೊಂಡು ಏನೋ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಚಿಕ್ಕಂದಿನಲ್ಲಿ ಊರ ಕಾಲುವೆಯಲ್ಲಿ ಕೂತದ್ದು ನೆನಪಾಯಿತಂತೆ" ಎಂದು ಅಬು ಹಮದ್ ಅನುವಾದಿಸಿದರು. ಆಮೇಲೆ ಗಂಬಳಿಯ ಅಂಚೆತ್ತಿ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಭಾಯ್, ಹುಲ್ಲಿನ ಕೆಲಸ ಖಲಾಸ್" ಎಂದರು, ಮೆತ್ತಗೆ.

ಮರುದಿನ ಶಶಿಕಲಾ ಇದನ್ನೆಲ್ಲ ಫೋನಿನ ಸ್ಪೀಕರ್ ಹಾಕಿಕೊಂಡು ಕಾರ್ಕಳದ ತನ್ನ ಅಮ್ಮನಿಗೆ ಒಪ್ಪಿಸಿದಳು. ಅತ್ತೆ ನಗುತ್ತಾರೆಂದು ತಲೆ ತಗ್ಗಿಸಿ ಕುಳಿತಿದ್ದೆ. ಅವರು ನಗಲಿಲ್ಲ.

"ಹುಲ್ಲು ಬೇರು ಸಮೇತ ಸತ್ತಿತಾ? ಹಾಗಾದ್ರೆ ಅಳಿಯನ ಹತ್ರ ಎಂತ ಹಾಕಿದ್ದು, ಎಷ್ಟು ಹಾಕಿದ್ದು ಕೇಳಿ ಹೇಳು ಮಾರಾಯ್ತಿ. ಇಲ್ಲಿ ಅಂಗಳದ ಹುಲ್ಲು ಕಿತ್ತು ಕಿತ್ತು ನನ್ನ ಸೊಂಟ ಹೋಯ್ತು!"

ಮದುವೆಯಾಗಿ ಹದಿನಾರು ವರ್ಷದಲ್ಲಿ ಅತ್ತೆ ನನ್ನ ಸಲಹೆ ಕೇಳಿದ್ದು ಅದೊಂದೇ ಸಲ.