ಮೋಡಕ್ಕೆ ಹೋದ ಗೇಣು

ಬಿರುಬಿಸಿಲಿನಲ್ಲಿ ನಿಂತು ಮೋಡಕ್ಕೆ ಬೈಯುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ಹುಲಗೋಳಕ್ಕೆ ಬನ್ನಿ, ನಮ್ಮ ಮಾವನನ್ನು ತೋರಿಸುತ್ತೇನೆ. ಅಪ್ಪನ ತಂಗಿಯ ಗಂಡ, ನಿವೃತ್ತ ಡ್ರಾಯಿಂಗ್ ಮಾಸ್ತರ. ಆಕಾಶ ಎಷ್ಟೇ ಶುಭ್ರವಾಗಿರಲಿ, ಬೈಗುಳಕ್ಕೆ ಬರವಿಲ್ಲ!

ಮಾವ ಬೈಯುವುದು ಕಂಪ್ಯೂಟರಿನ ಮೋಡಕ್ಕೆ, ಅಂದರೆ ‘ಕ್ಲೌಡ್’ಗೆ. ನಿವೃತ್ತಿಯ ನಂತರ ಅವನಿಗೆ ನಕ್ಷೆ ಬಿಡಿಸುವ ಸಾಫ್ಟ್‌ವೇರಿನ ಹುಚ್ಚು ಹಿಡಿಯಿತು. ಹವ್ಯಾಸಿಗಳಿಗೆ ಪುಕ್ಕಟೆ ಎಂದು ಹಾಕಿಕೊಟ್ಟವಳು ನಾನೇ. ಮೊದಲ ನಕ್ಷೆ, ನಿಂತೇ ತರಕಾರಿ ಹೆಚ್ಚುವ ಮೆಟ್ಟುಗತ್ತಿಯದು. ಅತ್ತೆಗೆ ಮಂಡಿನೋವು, ನೆಲದಲ್ಲಿ ಕೂರಲಾಗುತ್ತಿರಲಿಲ್ಲ. ಮಾವನಿಗೋ ಮಿಲಿಮೀಟರ್ ಸೇರದು! ಅತ್ತೆಯ ಕೈ ಅಗಲಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ ಅಳೆದು, ಆ ಉದ್ದಕ್ಕೆ ‘ಗೇಣು’ ಎಂದು ಹೆಸರಿಟ್ಟು ಕಂಪ್ಯೂಟರಿಗೆ ಕಲಿಸಿದ. ಮೆಟ್ಟುಗತ್ತಿಯ ಕಾಲು ನಾಲ್ಕು ಗೇಣು, ಹಿಡಿ ಅರ್ಧ ಗೇಣು. ಕಾಗದದಲ್ಲಿ ಎಲ್ಲೂ ಬರೆದಿಡಲಿಲ್ಲ.

ಆಮೇಲೆ ತಿದ್ದಿದ್ದೇ ತಿದ್ದಿದ್ದು.

“ಚಿತ್ರದ ಮೆಟ್ಟುಗತ್ತಿಲಿ ಬಾಳೆಕಾಯಿ ಕೊಚ್ಚಲೆ ಬತ್ತ?” ಎಂದು ಅತ್ತೆ ಕೆಣಕುತ್ತಿದ್ದಳು.

“ಹಿಡಿ ಇನ್ನೂ ಸರಿ ಆಜಿಲ್ಲೆ,” ಎನ್ನುತ್ತಿದ್ದ ಮಾವ.

ಅಷ್ಟರಲ್ಲಿ ಕಂಪನಿಯ ಕಟ್ಟಳೆ ಬಂತು: ಇನ್ನು ಮೇಲೆ ನಕ್ಷೆಗಳೆಲ್ಲ ತಮ್ಮ ಮೋಡದಲ್ಲೇ ಇರತಕ್ಕದ್ದು. ಜೊತೆಗೊಂದು ಉದ್ದದ ಕರಾರುಪತ್ರ. ಅದನ್ನು ಓದಿದವರುಂಟೇ? ‘ಒಪ್ಪಿದ್ದೇನೆ’ ಎಂದು ಒತ್ತಿದವಳೂ ನಾನೇ!

“ಯನ್ನ ಚಿತ್ರ ನೋಡಲೆ ಯಂಗೇ ಅಪ್ಪಣೆ ಬೇಕ?” ಮಾವ ಸಿಡುಕಿದ.

“ಅಲ್ಲಿ ಭದ್ರವಾಗಿ ಇರ್ತು ಮಾವಾ,” ಅಂದೆ.

ನೆಟ್‌ವರ್ಕ್ ಸಿಗುವ ತಿರುವಿಗೆ ಅವನು ದಿನಾ ಲ್ಯಾಪ್‌ಟಾಪ್ ಹೊತ್ತು ಹೋಗುವುದನ್ನು ಕಂಡು, ಮಾಸ್ತರಿಗೆ ಮತ್ತೆ ನೌಕರಿ ಸಿಕ್ಕಿತೆಂದು ಊರವರು ಆಡಿಕೊಂಡರು.

ಅತ್ತೆ ಹಾಸಿಗೆ ಹಿಡಿದಳು. ವರ್ಷದ ಮೇಲಾಯಿತು, ಮಾವ ಅವಳ ಮಗ್ಗುಲು ಬಿಟ್ಟು ಏಳಲಿಲ್ಲ. ಅತ್ತೆ ಹೋದಳು. ಕಾರ್ಯಗಳೆಲ್ಲ ಮುಗಿದು ಲ್ಯಾಪ್‌ಟಾಪ್ ತೆರೆದರೆ ನಕ್ಷೆಯೂ ಇಲ್ಲ! ವರ್ಷವಿಡೀ ಬಳಸದ ಖಾತೆಯನ್ನು ಅಳಿಸಲಾಗುವುದೆಂದು ಕರಾರಿನಲ್ಲೇ ಇತ್ತಂತೆ. ದೂರು ಬರೆದರೆ ಉತ್ತರ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಅಮೂಲ್ಯವಂತೆ, ಅವರ ತಲೆ! ಆ ಸಾಲು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒತ್ತಿದ ಬೆರಳು ನನ್ನದೇ ಎಂದು ನೆನೆದರೆ ಇನ್ನೂ ಹೆಚ್ಚು.

ಮೊನ್ನೆ ಹೋದಾಗ, “ಮೆಟ್ಟುಗತ್ತಿ ಮತ್ತೆ ಬರೆಯಲಕ್ಕು ಮಾವಾ,” ಅಂದೆ.

“ಮೆಟ್ಟುಗತ್ತಿ ಯಾರಿಗೆ ಬೇಕು? ಗೇಣು ಹೋತು!”

ಮಾವ ನನ್ನ ಕೈ ನೋಡಿದ. “ನೀನು ಅದ್ರ ಅಣ್ಣನ ಮಗಳಲ್ದ? ಕೈ ಇಡು.” (ನಮ್ಮ ಕಡೆಯ ಮಾತಿನಲ್ಲಿ ಹೆಂಡತಿಯೂ ‘ಅದು’ವೇ!)

ಅವನ ಡ್ರಾಯಿಂಗ್ ಹಲಗೆಯ ಮೇಲೆ ಕೈ ಅಗಲಿಸಿದೆ. ಪೆನ್ಸಿಲ್ಲಿನಿಂದ ಗೆರೆ ಎಳೆದ. ಬಹಳ ಹೊತ್ತು ನೋಡಿ, ಗೆರೆಯ ತುದಿಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಉಜ್ಜಿ ಅಳಿಸಿದ.

“ಅದ್ರದ್ದು ಇಲ್ಲಿವರೆಗೆ.”

ನನಗೆ ಕಣ್ಣು ತುಂಬಿ ಬಂತು. ಫೋಟೋ ತೆಗೆದಿಡೋಣವೆಂದು ಫೋನ್ ಎತ್ತಿದೆ. ಮಾವ ಗೆರೆಯ ಮೇಲೆ ಅಂಗೈ ಮುಚ್ಚಿದ.

“ಬ್ಯಾಡ ಕೂಸೇ. ಅದೂ ಮೋಡಕ್ಕೆ ಹೋಗ್ತು.”